ಸಕ್ಕರೆ ತಿನ್ನಿಸಿದರೂ ಉಬ್ಬದ ಬನ್ನು

೧೯೮೯ರಲ್ಲಿ ನಾನು ಎಂಟನೇ ಕ್ಲಾಸಿಗೆ ಕೈಮುಗಿದು ಬೇಕರಿ ಕೆಲಸಕ್ಕೆ ಸೇರಿದೆ. ಓದದಿದ್ದರೇನು, ದುಡಿಯುವವನು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಎಂಬ ಜಂಬ ನನ್ನದು. ಅದನ್ನು ಇಳಿಸಿದ್ದು ಹಿಟ್ಟು ಉಬ್ಬಿಸುವ, ಕಣ್ಣಿಗೂ ಕಾಣದ ಯೀಸ್ಟು.

ಮುಂದೆ ಮಧುಗಿರಿಯಲ್ಲಿ ನನ್ನದೇ ಬೇಕರಿ ಇಟ್ಟೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ನನ್ನ ಅಂಗಡಿಯ ಬನ್ನನ್ನೇ ಒಯ್ಯುತ್ತಿದ್ದರು. ಎದುರಿಗೆ ಹೊಸ ಬೇಕರಿ ಬಂತು. ಅವರ ಬನ್ನು ಬಲು ಸಿಹಿ. ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟತೊಡಗಿದರು. ನಾನೂ ಹಿಟ್ಟಿಗೆ ಸಕ್ಕರೆ ಏರಿಸಿದೆ. ಹಿಟ್ಟು ಉಬ್ಬಲಿಲ್ಲ. ನಮ್ಮ ಕಡೆ ಊಟಕ್ಕೆ ಕೂತ ನೆಂಟ ಮುಖ ಸಪ್ಪಗೆ ಮಾಡಿದರೆ ಎಲೆಗೆ ಇನ್ನೊಂದು ಒಬ್ಬಟ್ಟು ಬೀಳುತ್ತದೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಮೇಲೇ ತುಪ್ಪ. ಯೀಸ್ಟಿಗೂ ಅದೇ ಉಪಚಾರ ಮಾಡಿದೆ. ಮುನಿಸಿಕೊಂಡಿದೆ ಪಾಪ, ಇನ್ನೊಂದು ಬೊಗಸೆ ಸಕ್ಕರೆ ತಿನ್ನಲಿ ಎಂದು. ಹಿಟ್ಟು ಮಲಗಿದ್ದು ಏಳಲೇ ಇಲ್ಲ.

ಶಿರಾ ಕಡೆಯ ಹಳೆಯ ಗಿರಾಕಿ ಬಾಷಣ್ಣ ಒಂದು ಬನ್ನನ್ನು ಎತ್ತಿ ಕೌಂಟರಿಗೆ ಕುಟ್ಟಿದರು. "ಅರೇ ಅಣ್ಣಾ, ಇದು ರೋಗಿಗೆ ತಿನ್ನಕ್ಕೋ, ಹೊಡಿಯಕ್ಕೋ?"

ತುಮಕೂರಿನಲ್ಲಿ ಎಂ.ಎಸ್ಸಿ. ಓದುವ ಮಗಳು ಸುಮಾ ರಜೆಗೆ ಬಂದಿದ್ದಳು. ಹಿಟ್ಟಿನ ಪಾತ್ರೆಗೆ ಬಗ್ಗಿ ನೋಡಿ ನಕ್ಕಳು.

"ಅಪ್ಪಾ, ಇಷ್ಟೊಂದ್ ಸಕ್ಕರೆ ಸುರಿದ್ರೆ ಯೀಸ್ಟ್ ಒಳಗಿನ ನೀರೆಲ್ಲ ಆಚಿಕ್ ಹೋಯ್ತದೆ ಕಣಪ್ಪ. ಜೀವ ಉಳಿಸ್ಕಣಕ್ಕೆ ಅದು ನೀರ್ ಹಿಡ್ದಿಡೋ ಗ್ಲಿಸರಾಲ್ ಮಾಡ್ಕಂತದೆ. ಅದುನ್ನ ಮಾಡ್ಸೋ ಒಂದು ಎಂಜೈಮ್ ಐತೆ, ನಾನ್ ಓದ್ತಿರೋದೇ ಅದುನ್ನ."

"ಹಂಗಾದ್ರೆ ನನ್ ಹಿಟ್ಟು ಉಬ್ಸೋರು ಯಾರಮ್ಮ?"

"ಅದು ಮೊದ್ಲು ಬದುಕ್ಬೇಕಲ್ಲಪ್ಪ!"

ನನಗೆ ಆ ಎಂಜೈಮಿನ ಮೇಲೆಯೇ ಸಿಟ್ಟು ಬಂತು. ನನ್ನ ಸಕ್ಕರೆ ತಿಂದು, ನನ್ನ ಕೆಲಸ ಬಿಟ್ಟು, ತನ್ನ ಪ್ರಾಣದ ಚಿಂತೆಯಲ್ಲಿ ಕೂತಿದೆ! ಇಂಥ ಕೆಲಸಗಾರನನ್ನು ಬೈದು ಕಳಿಸೋಣವೆಂದರೆ ಎದುರಿಗೂ ಬರುವುದಿಲ್ಲ.

ಸಿಹಿ ಹಿಟ್ಟನ್ನು ತಾಳಿಕೊಳ್ಳುವ ಬೇರೆ ಯೀಸ್ಟೇ ಸಿಗುತ್ತದಂತೆ. ಎದುರಂಗಡಿಯವನು ತರಿಸುವುದು ಅದನ್ನೇ ಎಂದು ಸುಮಾ ವಿಚಾರಿಸಿಕೊಂಡೇ ಬಂದಳು. "ನೀನೂ ತರ್ಸಪ್ಪ."

"ಅವುನ್ ನೋಡಿ ನಾನ್ ಕಲೀಬೇಕೇನಮ್ಮ?" ಎಂದುಬಿಟ್ಟೆ. ಸಕ್ಕರೆಯನ್ನು ಹಳೆಯ ಅಳತೆಗೇ ಇಳಿಸಿದೆ. ಬನ್ನು ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಊರಿನ ನಾಲಿಗೆ ಎದುರಂಗಡಿಯ ಸಿಹಿಗೆ ಒಗ್ಗಿಹೋಗಿತ್ತು. ಬಾಷಣ್ಣ ಒಂದು ತುಂಡು ಕಚ್ಚಿ, "ಸಪ್ಪೆ ಆಗ್ಬುಟ್ಟೈತೆ ಬುಡಣ್ಣ" ಎನ್ನುತ್ತ ತಾವೂ ರಸ್ತೆ ದಾಟಿದರು.

ಈಗ ನನ್ನ ಬಳಿ ಇರುವುದು ಒಂದು ಒಲೆ, ಸಿಹಿಯಿದ್ದೂ ಉಬ್ಬದ ಒಂದು ಟ್ರೇ ಬನ್ನು, ಉಬ್ಬಿಯೂ ಸಿಹಿಯಿಲ್ಲದ ಇನ್ನೊಂದು ಟ್ರೇ, ಎರಡನ್ನೂ ಟೀಯಲ್ಲಿ ಅದ್ದಿ ತಿನ್ನಲು ನಾನೊಬ್ಬ.