ನಮ್ಮನ್ನು ಹಿಂದೆ ಹಾಕಿದ ನಮ್ಮದೇ ಗಾಲಿ

ಕಾರು ರಿಪೇರಿಯಲ್ಲಿ ಮೋಸ ಹೋಗದಿರುವುದು ಹೇಗೆಂದು ಮೊಬೈಲಿನಲ್ಲಿ ಒಂಬತ್ತು ವಿಡಿಯೋ ನೋಡಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ಘರ್ಷಣೆಯ ಪಾಠವನ್ನು ಪುಸ್ತಕ ತೆರೆಯದೆ ಹೇಳುವವನು ನಾನು. ಕುಂದಗೋಳದ ಒಂದು ಗ್ಯಾರೇಜು ನನಗೆ ಟೋಪಿ ಹಾಕುವುದುಂಟೇ?

ಬ್ರೇಕ್ ಒತ್ತಿದರೆ ಕಿರ್ ಎನ್ನುತ್ತಿತ್ತು. ಮೆಕ್ಯಾನಿಕ್ ಮೆಹಬೂಬ ಕಾಕಾ ಕಾರನ್ನು ಜಾಕ್ ಮೇಲೆ ಎತ್ತಿ ಮುಂದಿನ ಗಾಲಿ ಬಿಚ್ಚಿದರು. ಬಿಚ್ಚಿದ ನಾಲ್ಕೂ ನಟ್ಟುಗಳನ್ನು ನಾನು ತಕ್ಷಣ ಅಂಗಿಯ ಕಿಸೆಗೆ ಸೇರಿಸಿದೆ. ಒಳ್ಳೆಯದನ್ನು ತೆಗೆದಿಟ್ಟುಕೊಂಡು ಹಳೆಯದನ್ನು ಹಾಕುತ್ತಾರೆಂದು ಮೂರನೆಯ ವಿಡಿಯೋದಲ್ಲಿತ್ತು.

"ಸರ, ಬ್ರೇಕ್ ಪ್ಯಾಡ್ ಪೂರಾ ಸವದಾವ್ರಿ. ಬದಲಿ ಮಾಡೂಣು."

"ಹಿಂಗ ಅಂತೀರಂತ ನನಗ ಮೊದಲ ಗೊತ್ತಿತ್ತ್ರಿ. ಹುಬ್ಬಳ್ಳ್ಯಾಗ ತೋರಸ್ತೀನಿ. ಗಾಲಿ ಮುಟ್ಟಬ್ಯಾಡ್ರಿ, ನಾನ ಹಾಕ್ತೀನಿ."

"ಹಾಕ್ರಿ. ಜಾಕ್ ಇಳಿಸಿದ ಮ್ಯಾಲ ಮತ್ತೊಮ್ಮೆ ಬಿಗಿ ಮಾಡಬೇಕ್ರಿ, ಮರೀಬ್ಯಾಡ್ರಿ."

ಒಂದೇ ನಟ್ಟಿಗೆ ಎರಡು ಸಲ ಬಿಗಿ! ಅಂದರೆ ಎರಡು ಸಲ ಮಜೂರಿ. ಇದು ವಿಡಿಯೋದವರಿಗೂ ಗೊತ್ತಿಲ್ಲದ ಮೋಸ. ನಾನು ಕಿಸೆಯ ನಟ್ಟುಗಳಿಂದ ಗಾಲಿ ಕೂಡಿಸಿ, ಜಾಕ್ ಇಳಿಸಿ, ಮತ್ತೆ ಬಿಗಿ ಮಾಡದೆಯೇ ಸ್ಪ್ಯಾನರನ್ನು ಕಾಕಾನ ಕೈಗಿಟ್ಟು, ಗೆದ್ದವನಂತೆ ಹೊರಟೆ.

ಮಧ್ಯಾಹ್ನ ನಾನು, ಹೆಂಡತಿ ಸುಮಂಗಲಾ ಯರಗುಪ್ಪಿಯಲ್ಲಿರುವ ಅವಳ ಅಕ್ಕನ ಮನೆಗೆ ಊಟಕ್ಕೆ ಹೊರಟೆವು.

"ಅಲ್ರೀ, ಏನೋ ಕಟಕಟ ಅನ್ನಾಕತ್ತೈತಿ."

"ರಸ್ತಾ ಹಂಗೈತಿ," ಎಂದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಲಿಯೊಂದು ನಮ್ಮ ಪಕ್ಕದಿಂದಲೇ ಉರುಳಿ ಬಂದು, ನಮ್ಮನ್ನು ದಾಟಿ ಮುಂದೆ ಹೋಯಿತು.

"ರೀ, ಯಾರದೋ ಗಾಲಿ ಹೊಂಟೈತಿ."

"ಪಾಪ, ಯಾ..."

ಕಾರಿನ ಮೂಗು ಡಾಂಬರಿಗೆ ಬಡಿಯಿತು. ಕಿಡಿ ಹಾರಿತು. ಸ್ಟೇರಿಂಗ್ ನನ್ನ ಮಾತು ಕೇಳಲಿಲ್ಲ. ಎದುರಿಗೆ ಬಸ್ಸು. ಅದು ಹಾರ್ನ್ ಒತ್ತುತ್ತಲೇ ಬಂದು ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ನಾವು ರಸ್ತೆ ಬಿಟ್ಟು ಪಕ್ಕದ ಕಪ್ಪು ಎರಿ ಮಣ್ಣಿನಲ್ಲಿ ಹೂತು ನಿಂತಿದ್ದೆವು. ಇಂದಿಗೂ ಕಣ್ಣು ಮುಚ್ಚಿದರೆ ಆ ಬಸ್ಸಿನ ಗಾಜಿನ ಹಿಂದೆ ಬಾಯಿ ತೆರೆದ ಡ್ರೈವರು ಕಾಣುತ್ತಾನೆ.

ಸುಮಂಗಲಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇಬ್ಬರಿಗೂ ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಅದೇ ತೋಳನ್ನು ಚಿವುಟಿದಳು.

ಮುಂದಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ಗಾಲಿಯನ್ನು ಉರುಳಿಸಿಕೊಂಡು ಬಂದಳು.

"ನಿಮ್ಮದೇನ್ರಿ ಇದು? ನಿಮ್ಮನ್ನ ಬಿಟ್ಟು ತಾನೊಂದ ಬಂದಿತ್ತು."

ಕಾಕಾನಿಗೆ ಫೋನ್ ಮಾಡಿದವಳು ಸುಮಂಗಲಾ. ಕಾಕಾ ಟ್ರ್ಯಾಕ್ಟರಿನವನನ್ನು ಕರೆದುಕೊಂಡು ಬಂದರು. ಕಾರಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಸವೆದ ಪ್ಯಾಡನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಕಡಕ್ ರೊಟ್ಟಿಗಿಂತ ತೆಳ್ಳಗಿತ್ತು.

"ಹುಬ್ಬಳ್ಳ್ಯಾಗ ತೋರಸೂಣೇನ್ರಿ ಸರ?"

ಕಾರು ಎತ್ತಲು ಇಳಿದು ನಿಂತಿದ್ದ ಬಸ್ಸಿನ ಜನರೆಲ್ಲ ನಕ್ಕರು. ಅವರೊಳಗೆ ನನ್ನ ಇಬ್ಬರು ವಿದ್ಯಾರ್ಥಿಗಳೂ ಇದ್ದರು.

ಸಂಜೆ ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಕೂತಿತು, ಹೊಸ ನಟ್ಟುಗಳಿಂದ ಗಾಲಿ ಕೂತಿತು, ಜಾಕ್ ಇಳಿಯಿತು. ಕಾಕಾ ಸ್ಪ್ಯಾನರನ್ನು ನನಗೆ ಕೊಡದೆ ಸುಮಂಗಲಾಳಿಗೆ ಕೊಟ್ಟರು.

"ಅಕ್ಕಾರ, ಇನ್ನೊಮ್ಮೆ ನೀವ ಬಿಗಿ ಮಾಡ್ರಿ. ಸರ ನಿಮ್ಮನ್ನಾದ್ರೂ ನಂಬ್ತಾರ."

ಅವಳು ನಾಲ್ಕೂ ನಟ್ಟುಗಳನ್ನು ಬಿಗಿ ಮಾಡಿದಳು. ಅಂದಿನಿಂದ ಕಾರು ರಿಪೇರಿಗೆ ಹೋದರೆ ಎದುರು ನಿಂತು ಕಾಯುವವಳು ಅವಳೇ. ನನ್ನನ್ನು ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕೂಡಿಸಿರುತ್ತಾಳೆ. ಅವಳು ಕಣ್ಣಿಟ್ಟಿರುವುದು ಕಾಕಾನ ಮೇಲಲ್ಲ, ಎದ್ದು ಬಂದೇನೋ ಎಂದು ನನ್ನ ಮೇಲೆ.