ನನ್ನ ಎಂಜಿನ್ ಇನ್ನೂ ಸತ್ತಿಲ್ಲ

ನಾನು ಹಟಮಾರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಹೆಂಡತಿಯ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ. ದುಬೈಯಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಿಸುವವನನ್ನು ಜನ ಕನಿಕರದಿಂದ ನೋಡುತ್ತಾರೆ. ಅಲ್ ಬರ್ಷಾದ ನಮ್ಮ ಕಟ್ಟಡದ ಕಸದ ತೊಟ್ಟಿಯ ಪಕ್ಕದಲ್ಲಿರುವ ಸೋಫಾ ನಮ್ಮ ಮನೆಯೊಳಗಿನ ಸೋಫಾಕ್ಕಿಂತ ಹೊಸದು. ನನ್ನ ನೌಕರಿಯಾದರೂ ಏನು? ಕಟ್ಟಡಗಳ ಏಸಿಗಳನ್ನು ತಪಾಸಣೆ ಮಾಡಿ 'ಬದಲಾಯಿಸತಕ್ಕದ್ದು' ಎಂದು ಬರೆದು ಸಹಿ ಹಾಕುವುದು. ವಾರಕ್ಕೆ ಐದು ದಿನ ಹೀಗೆ ಮರಣದಂಡನೆ ಬರೆಯುವ ನಾನು, ಶುಕ್ರವಾರ ಮಾತ್ರ ನನ್ನ ಹಳೆಯ ದೋಣಿಯ ಇನ್ನೂ ಹಳೆಯ ಎಂಜಿನ್ನಿಗೆ ವಕೀಲನಾಗುತ್ತೇನೆ.

ಆ ಎಂಜಿನ್ ಪದೇ ಪದೇ ಕೆಡುತ್ತಿತ್ತು, ನಿಜ. ಒಂದು ಶುಕ್ರವಾರವಂತೂ ಮೀನು ಹಿಡಿಯಲು ಹೋದಾಗ ನಡುನೀರಿನಲ್ಲಿ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ನನ್ನನ್ನೂ ಹದಿನೈದರ ಮಗಳು ಶ್ರೇಯಾಳನ್ನೂ ಇನ್ನೊಂದು ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಹೆಂಡತಿ ಸುಮತಿ ಬಂದರಿನಲ್ಲೇ ಕಾದಿದ್ದಳು.

"ಎಂತ ಮಾರಾಯ್ರೆ, ಮಂಡೆ ಸಮ ಉಂಟಾ ನಿಮ್ಮದು? ಹೊಸ ಎಂಜಿನ್ ಹಾಕಿ. ಇಲ್ಲದಿದ್ರೆ ಮಗಳನ್ನು ಕಳಿಸುದಿಲ್ಲ."

ಮೆಕ್ಯಾನಿಕ್ ಇಸ್ಮಾಯಿಲ್ ಸಾಹೇಬರು ಭಟ್ಕಳದವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ತಮ್ಮ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ, ಗೀರು ಬಿದ್ದ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟರು.

"ಖಲಾಸ್, ಬಂಗೇರ್ರೆ. ಸಿಲಿಂಡರನ್ನು ಎರಡು ಸಲ ಕೊರೆದಾಗಿದೆ. ಇನ್ನು ಕೊರೀಲಿಕ್ಕೆ ಜಾಗ ಎಲ್ಲುಂಟು?"

"ಒಳಗೆ ಹೊಸ ಲೈನರ್ ಕೊಳವೆ ಕೂರಿಸಿ."

"ಕೂರಿಸಬಹುದು. ಆದ್ರೆ ಹೊಸ ಎಂಜಿನ್ ತಗೊಂಡ್ರೆ ನಿಮಗೂ ಸುಖ, ನನಗೂ ಸುಖ."

"ನನಗೆ ಸುಖ ಬೇಡ, ಈ ಎಂಜಿನ್ ಬೇಕು," ಎಂದೆ. ಮಾತು ಗತ್ತಾಗಿಯೇ ಬಂತು. ಸಾಹೇಬರು ಮಾತ್ರ ನನ್ನನ್ನು ನೋಡದೆ ಕೈ ಒರೆಸಿಕೊಂಡರು.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಮನೆಯಲ್ಲಿ ಶ್ರೇಯಾ ನನಗೆ ಉತ್ತರಿಸುವುದು ಇಂಗ್ಲಿಷಿನಲ್ಲಿ, ಅದೂ ಒಂದೇ ಪದದಲ್ಲಿ: 'ಫೈನ್'. ಎಂಜಿನ್ ಕೈಕೊಟ್ಟು, ಫೋನಿಗೆ ಸಿಗ್ನಲ್ಲೂ ಇಲ್ಲದೆ ಕೂತಾಗ ಮಾತ್ರ ಅವಳು ಬಾಯಿ ಬಿಡುತ್ತಿದ್ದಳು. ಕನ್ನಡದಲ್ಲಿ! ಗೆಳತಿಯ ಜೊತೆಗಿನ ಜಗಳ, ಗಣಿತದ ಭಯ, ಅಜ್ಜಿ ಮಾಡುವ ಬಂಗುಡೆ ಮೀನಿನ ಗಸಿ, ಎಲ್ಲ ಬರುತ್ತಿತ್ತು. ಆ ಅರ್ಧ ಗಂಟೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ. ಹೊಸ ಎಂಜಿನ್ ನಿಲ್ಲುವುದೇ ಇಲ್ಲವಲ್ಲ! ಇದನ್ನು ಸುಮತಿಗೆ ಹೇಳುವ ಧೈರ್ಯವಿಲ್ಲದೆ ಮೂರು ದಿನ ಜಗಳಾಡಿದೆ. ಕೊನೆಗೆ ಅವಳು ಒಂದು ಷರತ್ತು ಹಾಕಿದಳು: ರಿಪೇರಿ ಮಾಡಿಸಿ, ಆದರೆ ಇನ್ನೊಂದೇ ಸಲ ನಿಂತರೂ ಎಂಜಿನ್ ಗುಜರಿಗೆ.

ನನ್ನ ಹಟಕ್ಕೆ ಇಸ್ಮಾಯಿಲ್ ಸಾಹೇಬರು ಸರಿಯಾಗಿಯೇ ಸೇಡು ತೀರಿಸಿಕೊಂಡರು. ಎಂಜಿನ್ನನ್ನು ಎಷ್ಟು ಚೆನ್ನಾಗಿ ಕಟ್ಟಿಕೊಟ್ಟರೆಂದರೆ, ಹಗ್ಗ ಒಮ್ಮೆ ಎಳೆದರೆ ಸಾಕು, ಶುರು. ಆರು ಶುಕ್ರವಾರ ಅದು ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ಶ್ರೇಯಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋದಳು, ಬಂದಳು. ಗೆದ್ದೆನೆಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ದೋಣಿಯಲ್ಲೂ ಈಗ ಬರೀ 'ಫೈನ್'.

ಏಳನೆಯ ಶುಕ್ರವಾರ, ದಡ ದೂರವಾದ ಮೇಲೆ, ಅವಳು ಅತ್ತ ನೋಡುತ್ತಿದ್ದಾಗ ಪೆಟ್ರೋಲ್ ಪೈಪನ್ನು ಮೆಲ್ಲಗೆ ಕಳಚಿದೆ. ಎಂಜಿನ್ ಎರಡು ಸಲ ಗೊಣಗಿ ನಿಂತಿತು. ನಾನು ಮುಖ ಸಪ್ಪೆ ಮಾಡಿಕೊಂಡು "ಛೆ, ಹಾಳಾದ್ದು!" ಎಂದೆ.

ಶ್ರೇಯಾ ಇಯರ್‌ಫೋನ್ ತೆಗೆದಳು.

"ಪೈಪ್ ತೆಗ್ದದ್ದು ನಾನು ನೋಡಿದೆ ಪಪ್ಪಾ. ಮಮ್ಮಿಗೆ ಹೇಳುದಿಲ್ಲ. ಆದ್ರೆ ಈಗಲೇ ಸಿಕ್ಕಿಸ್ಬೇಡಿ, ನಂಗೊಂದು ವಿಷಯ ಹೇಳ್ಲಿಕ್ಕುಂಟು."