ಶುಕ್ರವಾರ ಫೈನ್ ಇಲ್ಲ ಎಂಬ ಸಿದ್ಧಾಂತ

ನನಗಾದ ಅನ್ಯಾಯಗಳನ್ನೆಲ್ಲ ನಾನು ಜೋಪಾನವಾಗಿ ನೆನಪಿಟ್ಟುಕೊಳ್ಳುವವನು. ನನ್ನ ತಪ್ಪುಗಳ ವಿಷಯದಲ್ಲಿ ಮಾತ್ರ ನೆನಪು ಸ್ವಲ್ಪ ಮಂದ. ಹಾಗಾಗಿ ಬಹರೈನ್‌ಗೆ ಬಂದ ಇಷ್ಟು ವರ್ಷಗಳಲ್ಲಿ ನನ್ನ ಕಾರಿಗೆ ಬಿದ್ದ ಮೊದಲ ಪಾರ್ಕಿಂಗ್ ದಂಡವನ್ನು ಅನ್ಯಾಯಗಳ ಪಟ್ಟಿಗೇ ಸೇರಿಸಿಕೊಂಡೆ. ಅದು ಬಿದ್ದದ್ದು ಭಜನೆಗೆ ಹೋದಾಗ. “ಶುಕ್ರವಾರ ಮಸೀದಿಯ ಮುಂದೆ ಅರ್ಧ ರಸ್ತೆಗೆ ಕಾರು ನಿಲ್ಲಿಸುತ್ತಾರೆ, ಕೇಳುವವರಿಲ್ಲ. ಭಜನೆಗೆ ಹೋದವನೇ ಸಿಗುವುದಾ ಇವರಿಗೆ?” ಎಂದು ಮನೆಯಲ್ಲಿ ಹಾರಾಡಿದೆ.

“ನೀವು ನಿಲ್ಲಿಸಿದ್ದು ಫುಟ್‌ಪಾತಿನ ಮೇಲಲ್ವಾ? ಫುಟ್‌ಪಾತಿಗೆ ಯಾವ ಜಾತಿ?” ಎಂದಳು ಹೆಂಡತಿ. ಹೆಂಗಸರಿಗೆ ಈ ದೊಡ್ಡ ವಿಷಯಗಳು ಅರ್ಥವಾಗುವುದಿಲ್ಲವೆಂದು ಸುಮ್ಮನಾದೆ.

ಸುಮ್ಮನಾದದ್ದು ಮನೆಯಲ್ಲಿ ಮಾತ್ರ. ಮಾಹೂಝ್‌ನ ನಮ್ಮ ಕಟ್ಟಡದ ಕೆಳಗಿನ ಫ್ಲ್ಯಾಟಿನಲ್ಲಿ ಉಳ್ಳಾಲದ ಇಬ್ರಾಹಿಂ ಇದ್ದಾನೆ. ಸಲ್ಮಾಬಾದ್‌ನ ಒಂದೇ ವರ್ಕ್‌ಶಾಪಿನಲ್ಲಿ ನಮ್ಮಿಬ್ಬರ ಕೆಲಸ. ಒಂದು ವಾರ ಅವನ ಕಾರು, ಒಂದು ವಾರ ನನ್ನದು. ಮರುದಿನ ದಾರಿಯಲ್ಲಿ, “ನಿಮ್ಮವರಿಗೆ ಬಿಡು, ಶುಕ್ರವಾರ ಫೈನೇ ಇಲ್ಲ” ಎಂದೆ. ಊರಿನ ಸುದ್ದಿ ಹೇಳುತ್ತಿದ್ದವನು ಕೈಚಾಚಿ ರೇಡಿಯೋ ಹಾಕಿದ. ಅದರ ಮರುದಿನದಿಂದ ಕಂಪನಿ ಬಸ್ಸಿನಲ್ಲಿ ಹೋಗತೊಡಗಿದ. ಹೋಗಿ ಕ್ಷಮೆ ಕೇಳೋಣವೆಂದರೆ ಅವನ ಮನೆ ಕೆಳಗಿತ್ತು. ಅಷ್ಟೊಂದು ಕೆಳಗಿಳಿಯಲು ನನಗಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೆಂಡತಿ ಕೊತ್ತಂಬರಿ ಸೊಪ್ಪಿಗೆ ಅಟ್ಟಿದಳು. ಅಂಗಡಿ ಮಸೀದಿಯ ಎದುರೇ. ಅನ್ಯಾಯವನ್ನು ತಡೆಯಲಾಗದಿದ್ದರೆ ಅದರಲ್ಲೊಂದು ಪಾಲನ್ನಾದರೂ ಪಡೆಯೋಣವೆಂದು, ಹಳದಿ ಗೆರೆಯ ಮೇಲಿದ್ದ ಕಾರುಗಳ ಸಾಲಿನಲ್ಲಿ ನನ್ನದನ್ನೂ ಸೇರಿಸಿದೆ.

ಸೊಪ್ಪು ಹಿಡಿದು ಹೊರಬರುವಾಗ ಪೊಲೀಸನೊಬ್ಬ ಆ ಸಾಲಿಗೆಲ್ಲ ದಂಡದ ಚೀಟಿ ಸಿಕ್ಕಿಸುತ್ತ ನನ್ನ ಕಾರಿನ ಬಳಿ ಬಂದಿದ್ದ. ಓಡಿದೆ. ಬಾಯಿ ನನ್ನನ್ನು ಕೇಳದೆಯೇ, “ಸಾಬ್, ನಮಾಜಿಗೆ ಬಂದಿದ್ದೆ” ಎಂದುಬಿಟ್ಟಿತು.

ಅವನು ನನ್ನ ಹಣೆಯ ಗಂಧವನ್ನು ನೋಡಿದ. ಕೈಚೀಲ ನೋಡಿದ. “ನಮಾಜ್ ಇನ್ನೂ ಶುರುವೇ ಆಗಿಲ್ಲ. ನೀನು ಮುಗಿಸಿ ಸೊಪ್ಪನ್ನೂ ತಂದೆಯಾ?” ಎಂದು ಉರ್ದುವಿನಲ್ಲಿ ಕೇಳಿದ.

ಹಿಂದೆ ಯಾರೋ ಕೆಮ್ಮಿದರು. ಇಬ್ರಾಹಿಂ! ಬೆವರು ಒರೆಸಿಕೊಳ್ಳುತ್ತ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಭೂಮಿ ಬಿರಿಯಲೆಂದು ನೋಡಿದೆ, ಡಾಂಬರು ಗಟ್ಟಿಯಿತ್ತು. ಅವನು ಪೊಲೀಸನಿಗೆ ಅರಬಿಯಲ್ಲಿ ಏನೋ ಹೇಳಿದ. ಪೊಲೀಸ ಜೋರಾಗಿ ನಕ್ಕು, “ಯಲ್ಲಾ, ಬೇಗ ಗಾಡಿ ತೆಗಿ” ಎಂದು ಮುಂದೆ ಹೋದ.

“ನಡೆದುಕೊಂಡು ಬಂದದ್ದಾ?” ಎಂದೆ.

“ಎರಡು ಸಲ ಇಲ್ಲೇ ಫೈನ್ ಬಿತ್ತು ಮಾರಾಯ. ಮತ್ತೆ ಶುಕ್ರವಾರ ಗಾಡಿ ತರುದಿಲ್ಲ.”

“ಮೊನ್ನೆ ಕಾರಿನಲ್ಲೇ ಹೇಳಬಹುದಿತ್ತಲ್ಲ?”

“ನೀನು ಕೇಳ್ಲಿಲ್ಲ. ತೀರ್ಪು ಕೊಟ್ಟದ್ದು.”

“ತಪ್ಪಾಯಿತು” ಎಂದೆ, ಮೆಲ್ಲಗೆ. “ಅವನಿಗೆ ಏನು ಹೇಳಿದಿ?”

“ನೆರೆಮನೆಯವ, ಮಂಡೆ ಸ್ವಲ್ಪ ಸರಿ ಇಲ್ಲ ಅಂತ. ಭಾನುವಾರ ಡ್ಯೂಟಿಗೆ ಆರು ಗಂಟೆಗೆ ಕೆಳಗೆ ಬಾ, ನನ್ನ ಗಾಡಿ” ಎನ್ನುತ್ತ ಒಳಗೆ ಓಡಿದ.

ಹೊರಡೋಣವೆಂದರೆ ಅಷ್ಟರಲ್ಲಿ ನನ್ನ ಕಾರಿಗೆ ಅಡ್ಡವಾಗಿ ಇನ್ನೊಬ್ಬರ ಕಾರು. ನಮಾಜ್ ಮುಗಿಯುವವರೆಗೂ ಕೂತೆ. ಜನ ಹೊರಬಂದು ತಂತಮ್ಮ ಚೀಟಿ ಕಿತ್ತುಕೊಂಡರು. ಇಡೀ ಸಾಲಿನಲ್ಲಿ ಚೀಟಿಯಿಲ್ಲದ್ದು ನನ್ನದೊಂದೇ. ಹಿರಿಯರೊಬ್ಬರು ನನ್ನ ಹಣೆಯತ್ತ ಕೈ ತೋರಿ ಜೊತೆಗಾರನಿಗೆ ಉರ್ದುವಿನಲ್ಲಿ, “ನೋಡಿದೆಯಾ? ಇವರನ್ನು ಯಾರೂ ಮುಟ್ಟುವುದಿಲ್ಲ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಗಾಜಿಳಿಸಿ ವಿವರಿಸಬೇಕೆಂದು ಮನಸ್ಸು ಕುದಿಯಿತು. ಆದರೆ ನನ್ನ ಬಳಿಯಿದ್ದ ಸಮಜಾಯಿಷಿ ಒಂದೇ, ಅದೂ ಇಬ್ರಾಹಿಂ ಪೊಲೀಸನಿಗೆ ಕೊಟ್ಟದ್ದು. ಗಾಜು ಏರಿಸಿಕೊಂಡೇ ಮನೆಗೆ ಬಂದೆ.